ಮಗ್ಗದ ಸದ್ದು ನಿಂತ ಕ್ಷಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗಾಗಿ ಆಯ್ದ ಮೂರೂ ಪತ್ರಗಳು ಒಂದೇ ವಿಷಯದವು. ವಿದ್ಯಾರ್ಥಿಗಳು ತಾವೇ ತಯಾರಿಸಿದ ಥ್ರಿಲ್ಲರ್ ಚಿತ್ರದ ಆರಂಭದ ದೃಶ್ಯವನ್ನು ಹೇಗೆ ಕಟ್ಟಬೇಕು, ಕಟ್ಟಿದ ಮೇಲೆ ಅದರ ತಂತ್ರಗಳನ್ನು ಹೇಗೆ ವಿಶ್ಲೇಷಿಸಬೇಕು ಎಂಬುದನ್ನು ಪತ್ರ ಬರೆದವರು ಕೇಳಿದ್ದಾರೆ. ಮೊದಲ ಪತ್ರದ ಜೊತೆಗೆ ಚಿತ್ರವೂ ಬಂದಿದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ನಾವು ಐವರು ಗೆಳತಿಯರು ಬೆಟಗೇರಿಯ ನೇಕಾರರ ಓಣಿಯಲ್ಲಿ 2 ನಿಮಿಷ 10 ಸೆಕೆಂಡಿನ ಒಂದು ಆರಂಭದ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆವು. ಸಂಜೆ ಕಾಲೇಜಿನಿಂದ ಮನೆಗೆ ಬರುವ ಹುಡುಗಿ ಬಾಗಿಲ ಕೀಲಿ ತೆರೆದಿರುವುದನ್ನು ಕಾಣುತ್ತಾಳೆ. ಒಳಗಿನಿಂದ ಅಜ್ಜನ ಕೈಮಗ್ಗದ ಸದ್ದು ಕೇಳುತ್ತಿರುತ್ತದೆ. ಅವಳು ‘ಅಜ್ಜಾ’ ಎಂದು ಕರೆದ ಕೂಡಲೇ ಸದ್ದು ನಿಲ್ಲುತ್ತದೆ. ಒಳಗೆ ಹೋದರೆ ಮಗ್ಗದ ಮುಂದೆ ಯಾರೂ ಇಲ್ಲ. ನೇಯ್ದ ಬಟ್ಟೆಯ ಮೇಲೆ ಅಜ್ಜನ ಚಾಳೀಸು ಮಾತ್ರ ಇದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಅವಳ ಹೆಗಲ ಮೇಲೆ ಬೀಳುತ್ತದೆ, ಅವಳು ಚೀರುತ್ತಾಳೆ, ಚಿತ್ರದ ಹೆಸರು ಬರುತ್ತದೆ. ಇದರ ಜೊತೆಗೆ ನಾಲ್ಕು ಪುಟಗಳ ವಿಶ್ಲೇಷಣೆಯನ್ನೂ ಬರೆದುಕೊಡಬೇಕಿತ್ತು. ಕ್ಲೋಸಪ್, ಓರೆ ಕೋನ, ಮಂದ ಬೆಳಕು, ವೇಗದ ಎಡಿಟಿಂಗ್, ಹಿನ್ನೆಲೆ ಸಂಗೀತ ಎಂದು ಹದಿನಾಲ್ಕು ತಂತ್ರಗಳನ್ನು ಬರೆದೆವು. ‘ಇದು ಪಟ್ಟಿ, ವಿಶ್ಲೇಷಣೆಯಲ್ಲ’ ಎಂದು ನಮ್ಮ ಮೇಡಂ ಮರಳಿಸಿದರು. ತರಗತಿಯಲ್ಲಿ ತೋರಿಸಿದಾಗ ಕೊನೆಯ ಚೀರಾಟಕ್ಕೆ ಕೆಲವರು ನಕ್ಕುಬಿಟ್ಟರು. ನಾವು ತಪ್ಪಿದ್ದೆಲ್ಲಿ? ಮತ್ತೆ ಹೇಗೆ ಬರೆಯಬೇಕು?
ವಿದ್ಯಾರ್ಥಿನಿ, ಬೆಟಗೇರಿ

ಉತ್ತರ: ನೀವು ಕಳಿಸಿದ ಚಿತ್ರವನ್ನು ನಾನು ನಾಲ್ಕು ಸಲ ನೋಡಿದೆ. ಮೊದಲ ಸಲ ಸಾಮಾನ್ಯ ಪ್ರೇಕ್ಷಕನಂತೆ, ಎರಡನೆಯ ಸಲ ಸದ್ದು ಅಡಗಿಸಿ, ಮೂರನೆಯ ಸಲ ಕಣ್ಣು ಮುಚ್ಚಿ ಕೇವಲ ಕೇಳುತ್ತ, ನಾಲ್ಕನೆಯ ಸಲ ಕಾಗದ ಪೆನ್ಸಿಲು ಹಿಡಿದು ಪ್ರತಿ ಕಟ್ ಬಿದ್ದ ಸಮಯವನ್ನು ಗುರುತು ಮಾಡಿಕೊಳ್ಳುತ್ತ. ನೀವೂ ಬರೆಯಲು ಕೂರುವ ಮೊದಲು ಹೀಗೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಚಿತ್ರ ಮಾಡಿದವರಿಗೆ ಪ್ರತಿಯೊಂದು ಶಾಟಿನ ಹಿಂದಿನ ಶ್ರಮ ನೆನಪಿರುತ್ತದೆ, ಆ ನೆನಪು ಪರದೆಯ ಮೇಲೆ ನಿಜವಾಗಿ ಏನಿದೆ ಎಂಬುದನ್ನು ಮರೆಮಾಡುತ್ತದೆ. ಸದ್ದನ್ನೂ ಚಿತ್ರವನ್ನೂ ಬೇರೆಬೇರೆ ಮಾಡಿ ನೋಡಿದಾಗ ಯಾವುದು ಯಾವ ಕೆಲಸ ಮಾಡುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಕಣ್ಣು ಮುಚ್ಚಿ ಕೇಳಿದಾಗ ನಿಮ್ಮ ಚಿತ್ರ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟಿತು. ಮೊದಲ 20 ಸೆಕೆಂಡು ಕಪ್ಪು ಪರದೆಯ ಮೇಲೆ ಹೆಸರುಗಳು ಬಂದು ಹೋಗುವಾಗ ಮಗ್ಗದ ಸದ್ದೊಂದೇ ಇದೆ. ಲಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡುವ ಸದ್ದು, ಅದರ ಬೆನ್ನಿಗೇ ಎಳೆಯನ್ನು ಬಿಗಿಯಾಗಿ ಕೂಡಿಸುವ ಹೊಡೆತ, ಮತ್ತೆ ಲಾಳಿ. ಹುಡುಗಿ ಓಣಿಯಲ್ಲಿ ನಡೆದು ಬರುವ 28 ಸೆಕೆಂಡುಗಳಲ್ಲಿಯೂ ಅದು ಹಿನ್ನೆಲೆಯಲ್ಲಿ ಇದ್ದೇ ಇದೆ. ಸುತ್ತಲ ಮನೆಗಳಲ್ಲಿ ಮಗ್ಗಗಳಿರುವುದರಿಂದ ಪ್ರೇಕ್ಷಕ ಅದನ್ನು ಆ ಓಣಿಯ ಸಹಜ ಸದ್ದೆಂದು ಒಪ್ಪಿಕೊಂಡು, ಅಲ್ಲಿಗೆ ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿರುತ್ತಾನೆ. 1 ನಿಮಿಷ 2ನೇ ಸೆಕೆಂಡಿಗೆ ಸದ್ದು ತಟ್ಟನೆ ನಿಂತಾಗ, ಅಷ್ಟು ಹೊತ್ತು ತಾನು ಅದನ್ನು ಕೇಳುತ್ತಲೇ ಇದ್ದೆ ಎಂಬುದು ಅವನ ಅರಿವಿಗೆ ಬರುತ್ತದೆ. ನನ್ನ ಎದೆ ಧಸಕ್ಕೆಂದದ್ದು ಇಡೀ ಚಿತ್ರದಲ್ಲಿ ಇಲ್ಲಿ ಮಾತ್ರ.

ಇಂತಹ ಕ್ಷಣಕ್ಕೆ ನಿಮ್ಮ ನಾಲ್ಕು ಪುಟಗಳಲ್ಲಿ ಸಿಕ್ಕಿರುವುದು ಒಂದೇ ಸಾಲು: ‘ಕಥೆಯ ಒಳಗಿನ ಧ್ವನಿಯನ್ನು ಬಳಸಲಾಗಿದೆ.’ ನಿಮ್ಮ ಮೇಡಂ ಆಡಿದ ಮಾತು ಎಷ್ಟು ಸರಿ ಎಂಬುದು ಈ ಸಾಲಿನಲ್ಲಿಯೇ ಕಾಣುತ್ತದೆ. ಹೆಸರು ಹೇಳುವುದರಿಂದ ತಂತ್ರವನ್ನು ಗುರುತಿಸಿದಂತಾಯಿತು, ಅಷ್ಟೇ. ಅದು ಪ್ರೇಕ್ಷಕನಿಗೆ ಏನು ಮಾಡಿತು, ಯಾವ ಕಾರಣದಿಂದ ಮಾಡಿತು, ಅದರ ಬದಲು ಬೇರೆಯದು ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಂಡಾಗಲೇ ವಿಶ್ಲೇಷಣೆ ಶುರುವಾಗುತ್ತದೆ.

ಈ ಮೂರನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ನಿಮ್ಮ ಚಿತ್ರದಲ್ಲಿರುವುದು ಕೈಮಗ್ಗ. ಅದರ ಬದಲು ವಿದ್ಯುತ್ ಮಗ್ಗ ಇದ್ದಿದ್ದರೆ? ವಿದ್ಯುತ್ ಮಗ್ಗ ಒಮ್ಮೆ ಚಾಲೂ ಮಾಡಿದ ಮೇಲೆ ಎದುರಿಗೆ ಮನುಷ್ಯನಿಲ್ಲದಿದ್ದರೂ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಓಡುತ್ತದೆ, ಕರೆಂಟು ಹೋದರೆ ತಾನಾಗಿ ನಿಲ್ಲುತ್ತದೆ. ಅದು ನಿಂತರೆ ಯಾರೂ ಬೆಚ್ಚುವುದಿಲ್ಲ. ಕೈಮಗ್ಗ ಹಾಗಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಒಬ್ಬ ಮನುಷ್ಯ ಕೈಯಿಂದ ಎಳೆದು, ಕಾಲಿನಿಂದ ತುಳಿದಾಗ ಮಾತ್ರ ಅದರಿಂದ ಒಂದೊಂದು ಸದ್ದು ಹೊರಡುತ್ತದೆ. ಆದ್ದರಿಂದ ಕೈಮಗ್ಗದ ಸದ್ದೆಂದರೆ ಒಳಗೆ ಯಾರೋ ಕೂತಿದ್ದಾರೆ ಎಂದೇ ಅರ್ಥ. ಆ ಸದ್ದು ನಿಂತಿತೆಂದರೆ, ಹುಡುಗಿಯ ಕರೆ ಕೇಳಿದ ಆ ಯಾರೋ ಕೈಯನ್ನು ತಡೆದಿದ್ದಾರೆ. ಒಳಗೆ ಹೋಗಿ ನೋಡಿದರೆ ಅಜ್ಜನಿಲ್ಲ, ಅವನ ಚಾಳೀಸು ಮಾತ್ರ ಇದೆ. ಚಾಳೀಸಿಲ್ಲದೆ ಎಳೆ ಕಾಣದ ಮುದುಕ ಅದನ್ನು ತೆಗೆದಿಟ್ಟು ನೇಯುವುದು ಸಾಧ್ಯವಿಲ್ಲ. ಹಾಗಾದರೆ ಇಷ್ಟು ಹೊತ್ತು ನೇಯುತ್ತಿದ್ದವರು ಯಾರು?

ನಿಮ್ಮ ಥ್ರಿಲ್ಲರಿನ ಪ್ರಶ್ನೆ ಇದೇ. ಆರಂಭದ ದೃಶ್ಯದ ಮುಖ್ಯ ಕೆಲಸ ಪ್ರೇಕ್ಷಕನನ್ನು ಹೆದರಿಸುವುದಲ್ಲ, ಉತ್ತರ ತಿಳಿಯದೆ ಎದ್ದು ಹೋಗಲಾಗದಂತಹ ಒಂದು ಪ್ರಶ್ನೆಯನ್ನು ಅವನ ಕೈಗಿಡುವುದು. ನೀವು ಅಂತಹ ಪ್ರಶ್ನೆಯನ್ನು ಕಟ್ಟಿದ್ದೀರಿ, ಆದರೆ ಕಟ್ಟಿದ್ದು ನಿಮ್ಮ ಗಮನಕ್ಕೆ ಬಂದಂತಿಲ್ಲ. ಅದಕ್ಕಾಗಿಯೇ ಅದರ ಮೇಲೆ ಒಂದು ಕೈ, ಒಂದು ಚೀರಾಟವನ್ನು ಹೊರಿಸಿದ್ದೀರಿ.

ಹೊಸದಾಗಿ ಬರೆಯುವಾಗ ಒಂದು ಭಾಗ ಈ ರೀತಿ ಇರಬಹುದು: ‘0:00ರಿಂದ 1:02ರವರೆಗೆ ಮಗ್ಗದ ಸದ್ದು ಒಮ್ಮೆಯೂ ನಿಲ್ಲುವುದಿಲ್ಲ. ಮೊದಲು ಕಪ್ಪು ಪರದೆಯ ಮೇಲೆ ಕೇಳುವುದರಿಂದ ಇದು ಯಾವ ಸದ್ದೆಂದು ಹೊರಗಿನ ಪ್ರೇಕ್ಷಕನಿಗೆ ತಿಳಿಯದು. ಓಣಿ ಕಂಡ ಮೇಲೆ ಅದು ಸಹಜವೆನಿಸಿ ಕಿವಿಯಿಂದ ಜಾರುತ್ತದೆ. ಹುಡುಗಿ ಕರೆದೊಡನೆ ಸದ್ದು ನಿಲ್ಲುವುದರಿಂದ, ಒಳಗಿರುವವರು ಅವಳ ದನಿ ಕೇಳಿದ್ದಾರೆ ಮತ್ತು ಉತ್ತರಿಸದಿರಲು ನಿರ್ಧರಿಸಿದ್ದಾರೆ ಎಂಬ ಎರಡು ಸಂಗತಿಗಳು ಒಂದೇ ಒಂದು ಮಾತಿಲ್ಲದೆ ತಿಳಿಯುತ್ತವೆ. ಇಲ್ಲಿ ಸಂಗೀತ ಬಳಸಿದ್ದರೆ ಭಯ ಹೊರಗಿನಿಂದ ಬಂದು ಸೇರುತ್ತಿತ್ತು. ಈಗ ಅದು ಮನೆಯ ಒಳಗಿನಿಂದಲೇ ಬರುತ್ತದೆ.’ ಗಮನಿಸಿ, ಇಲ್ಲಿ ಪಾರಿಭಾಷಿಕ ಪದ ಒಂದೂ ಇಲ್ಲ. ಬೇಕಿದ್ದರೆ ಕೊನೆಯಲ್ಲಿ ಸೇರಿಸಿಕೊಳ್ಳಿ. ಹದಿನಾಲ್ಕು ತಂತ್ರಗಳನ್ನು ಒಂದೊಂದು ಸಾಲಿನಲ್ಲಿ ಮುಗಿಸುವುದಕ್ಕಿಂತ ನಾಲ್ಕನ್ನು ಹೀಗೆ ಕೊನೆಯವರೆಗೂ ಬೆನ್ನಟ್ಟಿ ಬರೆಯುವುದೇ ಮೇಲು.

ಇನ್ನು ಯಾರಿಗೆ ಯಾವಾಗ ಏನು ತಿಳಿಯುತ್ತದೆ ಎಂಬ ವಿಷಯ. ಥ್ರಿಲ್ಲರ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರು ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರುಫೊ ಅವರೊಂದಿಗೆ 1962ರಲ್ಲಿ ನಡೆಸಿದ ದೀರ್ಘ ಸಂಭಾಷಣೆಯಲ್ಲಿ ಇದನ್ನು ಬಹಳ ಸರಳವಾಗಿ ಬಿಡಿಸಿ ಹೇಳಿದ್ದಾರೆ. ಇಬ್ಬರು ಮೇಜಿನ ಎದುರು ಕೂತು ಮಾತನಾಡುತ್ತಿದ್ದಾರೆ, ಮೇಜಿನ ಕೆಳಗೆ ಬಾಂಬಿದೆ. ಅದು ಪ್ರೇಕ್ಷಕರಿಗೆ ಗೊತ್ತಿಲ್ಲದೆ ಸಿಡಿದರೆ ಅವರಿಗೆ ದಕ್ಕುವುದು 15 ಸೆಕೆಂಡಿನ ಆಘಾತ. ಬಾಂಬಿರುವುದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದು ಕೂತವರಿಗೆ ಗೊತ್ತಿಲ್ಲದಿದ್ದರೆ, ಅದೇ ಸಪ್ಪೆ ಮಾತುಕತೆ 15 ನಿಮಿಷದ ತಳಮಳವಾಗುತ್ತದೆ. ನಿಮ್ಮ ದೃಶ್ಯದಲ್ಲಿ ಪ್ರೇಕ್ಷಕನಿಗೂ ಹುಡುಗಿಗೂ ಎಲ್ಲವೂ ಒಟ್ಟಿಗೇ ತಿಳಿಯುತ್ತದೆ. ಅವಳು ಕೀಲಿಯನ್ನು ನೋಡಿದಾಗಲೇ ನಾವೂ ನೋಡುತ್ತೇವೆ. ಅವಳಿನ್ನೂ ಓಣಿಯ ತಿರುವಿನಲ್ಲಿರುವಾಗ ತೆರೆದ ಕೀಲಿಯನ್ನು ಮೂರೇ ಸೆಕೆಂಡು ತೋರಿಸಿದ್ದರೆ, ನೆರೆಮನೆಯವರೊಂದಿಗೆ ಅವಳು ನಕ್ಕು ಮಾತನಾಡುವ ಆ ಶಾಟ್ ಇದ್ದಲ್ಲಿಯೇ, ಇದ್ದ ಹಾಗೆಯೇ ಇದ್ದು ಭಯ ಹುಟ್ಟಿಸುತ್ತಿತ್ತು. ಸದ್ಯಕ್ಕೆ ಅದು ಕೇವಲ ನಡಿಗೆಯ ನಡುವಿನ ಬಿಡುವಾಗಿ ಉಳಿದಿದೆ.

ಇನ್ನೊಂದು ದಾರಿಯೂ ಉಂಟು. ನಿಮ್ಮ ಕೈಯಲ್ಲಿ ಮಗ್ಗವಿದೆ, ಮಗ್ಗದ ಮೇಲೆ ಹಾಸಿನ ಎಳೆಗಳು ಉದ್ದಕ್ಕೂ ಬಿಗಿದು ನಿಂತಿವೆ. ಕ್ಯಾಮೆರಾವನ್ನು ಆ ಎಳೆಗಳ ಹಿಂದೆ ತಗ್ಗಿನಲ್ಲಿಟ್ಟು, ಅವುಗಳ ಮೂಲಕ ಬಾಗಿಲಲ್ಲಿ ನಿಂತ ಹುಡುಗಿಯನ್ನು ತೋರಿಸಿ ನೋಡಿ. ನೂರಾರು ಗೆರೆಗಳು ಅವಳ ದೇಹವನ್ನು ಕೊಯ್ದಂತೆ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ಇದು ಯಾರ ನೋಟ ಎಂಬ ಪ್ರಶ್ನೆ ಏಳುತ್ತದೆ. ನೇಕಾರ ಕೂರುವ ಜಾಗದಿಂದ ಯಾರೋ ಅವಳನ್ನು ನೋಡುತ್ತಿದ್ದಾರೆ, ಆದರೆ ಆ ನೋಟದ ಒಡೆಯನನ್ನು ನಾವು ಕಾಣೆವು. ಓರೆ ಕೋನವನ್ನು ನೀವು ನಾಲ್ಕು ಕಡೆ ಬಳಸಿದ್ದೀರಲ್ಲ, ಆ ನಾಲ್ಕೂ ಸೇರಿ ಮಾಡದ ಕೆಲಸವನ್ನು ಈ ಒಂದು ಶಾಟ್ ನೇರವಾಗಿ ನಿಂತೇ ಮಾಡುತ್ತದೆ. ಓರೆ ಕೋನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಲೋಕ ವಾಲಿದಂತೆ ತೋರುವುದಕ್ಕೆ ಪಾತ್ರದ ಮನಸ್ಸಿನಲ್ಲಿ ಏನಾದರೂ ವಾಲಿರಬೇಕು. ನಿಮ್ಮಲ್ಲಿ ಮೊದಲ ಓರೆ ಶಾಟ್ ಬರುವುದು ಅವಳು ಇನ್ನೂ ಚಪ್ಪಲಿ ಬಿಚ್ಚುತ್ತಿರುವಾಗ.

1:30ರಿಂದ 1:45ರವರೆಗಿನ 15 ಸೆಕೆಂಡುಗಳಲ್ಲಿ ನೀವು 12 ಶಾಟ್‌ಗಳನ್ನು ಜೋಡಿಸಿದ್ದೀರಿ, ಸರಾಸರಿ ಒಂದೂಕಾಲು ಸೆಕೆಂಡಿಗೆ ಒಂದು. ‘ವೇಗದ ಎಡಿಟಿಂಗ್ ಭಯವನ್ನು ಹೆಚ್ಚಿಸುತ್ತದೆ’ ಎಂದು ಬರೆದಿದ್ದೀರಿ. ಕತ್ತಲ ಮನೆಯಲ್ಲಿ ಮನುಷ್ಯನ ಕಣ್ಣು ಏನು ಮಾಡುತ್ತದೆ ಎಂದು ಯೋಚಿಸಿ. ಒಂದೊಂದು ಮೂಲೆಯನ್ನೂ ಹುಡುಕುತ್ತದೆ, ಕದಲದ ನೆರಳಿನಲ್ಲಿ ಏನಾದರೂ ಕದಲೀತೇ ಎಂದು ಕಾಯುತ್ತದೆ. ಹುಡುಕಲು ಸಮಯ ಕೊಡದಿದ್ದರೆ ಪ್ರೇಕ್ಷಕ ಕಾಯುವುದಿಲ್ಲ, ಚಿತ್ರಗಳು ಮುಗಿಯಲಿ ಎಂದು ಸುಮ್ಮನಿರುತ್ತಾನೆ. ಆ ಹನ್ನೆರಡರ ಜಾಗದಲ್ಲಿ ಎರಡೇ ಶಾಟ್ ಇಟ್ಟು, ಒಂದನ್ನು ಎಂಟು ಸೆಕೆಂಡು ಕದಲಿಸದೆ ಹಿಡಿಯಿರಿ. ನಾಲ್ಕನೆಯ ಸೆಕೆಂಡಿನಿಂದಲೇ ತರಗತಿಯಲ್ಲಿ ಮಾತು ನಿಲ್ಲುವುದನ್ನು ನೀವು ಕಾಣುವಿರಿ. ವೇಗಕ್ಕೆ ಬೆಲೆ ಬರುವುದು ನಿಧಾನದ ಬೆನ್ನಿಗೆ ಬಂದಾಗ.

ಅದೇ ಜಾಗದಲ್ಲಿ ಬರುವ ಪಿಟೀಲಿನ ಕಿರುಚು ದನಿಯ ಸಂಗೀತವನ್ನು ತೆಗೆದುಹಾಕಿ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಆ ಬಗೆಯ ಸ್ವರಕ್ಕೆ ಮೂಲ ಹಿಚ್‌ಕಾಕ್ ಅವರ 1960ರ ಚಿತ್ರ ‘ಸೈಕೋ’ಗೆ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳಿಂದ ಮಾತ್ರವೇ ಕಟ್ಟಿದ ಸಂಗೀತ. ಅಂದಿನಿಂದ ಎಷ್ಟು ಸಲ ಅನುಕರಣೆಯಾಗಿದೆಯೆಂದರೆ, ಈಗ ಅದನ್ನು ಕೇಳಿದ ಕೂಡಲೇ ‘ಇದೀಗ ಹೆದರಿಸುತ್ತಾರೆ’ ಎಂದು ಪ್ರೇಕ್ಷಕನಿಗೆ ಮೊದಲೇ ತಿಳಿದುಹೋಗುತ್ತದೆ. ನಿಮ್ಮ ಬಳಿ ಬೇರಾರ ಬಳಿಯೂ ಇಲ್ಲದ ಒಂದು ಸದ್ದಿದೆ. ಅದು ನಿಂತ ಮೇಲೆ ಹುಡುಗಿಯ ಉಸಿರು, ಹೊರಗೆ ದೂರದ ಇತರ ಮಗ್ಗಗಳ ಕ್ಷೀಣ ಸದ್ದು, ಇಷ್ಟನ್ನೇ ಉಳಿಸಿಕೊಳ್ಳಿ. ಹೊರಗಿನ ಮಗ್ಗಗಳು ಓಡುತ್ತಲೇ ಇರುವುದು ಮುಖ್ಯ, ಏಕೆಂದರೆ ಓಣಿಗೆಲ್ಲ ಇದು ಮಾಮೂಲಿ ಸಂಜೆ, ಈ ಮನೆಗೆ ಮಾತ್ರ ಅಲ್ಲ. ಖಾಲಿ ಕೋಣೆಯ ನಿಶ್ಶಬ್ದವನ್ನು ಕೂಡ ಒಂದು ನಿಮಿಷ ಬೇರೆಯಾಗಿ ಧ್ವನಿಮುದ್ರಿಸಿಕೊಳ್ಳಿ. ನೀವು ಸದ್ದನ್ನು ಪೂರ್ತಿ ಶೂನ್ಯಕ್ಕೆ ಇಳಿಸಿದ್ದರಿಂದ 1:02ರಲ್ಲಿ ಒಂದು ಕ್ಷಣ ಮೊಬೈಲೇ ಕೆಟ್ಟಿತೇನೋ ಎಂಬ ಅನುಮಾನ ಬರುತ್ತದೆ.

ಈಗ ನಿಮಗೆ ನೋವು ಮಾಡಿದ ಆ ನಗೆಯ ಮಾತು. ನಕ್ಕವರು ನಿಮ್ಮನ್ನು ಹೀಯಾಳಿಸಿದರೆಂದು ತಿಳಿಯಬೇಡಿ. ಚಾಳೀಸು ಕಂಡ ಕ್ಷಣದಲ್ಲಿ ಅವರೆಲ್ಲ ಉಸಿರು ಹಿಡಿದಿದ್ದರು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಹಿಡಿದ ಉಸಿರಿಗೆ ಹೊರಬರಲು ಒಂದು ದಾರಿ ಬೇಕು, ಅವರು ನಿರೀಕ್ಷಿಸಿದ್ದ ಕೈಯೇ ನಿರೀಕ್ಷಿಸಿದ ಹೆಗಲಿನ ಮೇಲೆಯೇ ಬಿದ್ದಾಗ ಅದು ನಗುವಾಗಿ ಹೊರಬಂತು. ಬಿಗಿ ಸಡಿಲಾಗುವುದೇ ಆ ನಗುವಿನ ಅರ್ಥ. ಆರಂಭದ ದೃಶ್ಯದ ಕೊನೆಯಲ್ಲಿ ಬಿಗಿ ಸಡಿಲಾಗಕೂಡದು. ಕೈಯನ್ನೂ ಚೀರಾಟವನ್ನೂ ತೆಗೆದು ಚಾಳೀಸಿನ ಶಾಟಿಗೇ ಮುಗಿಸಿ. 1:45ರಲ್ಲಿ ಲಾಳಿ ಇನ್ನೂ ಸಣ್ಣಗೆ ಅಲುಗುತ್ತಿರುವುದನ್ನು ತೋರಿಸಿದ್ದೀರಿ. ಅದು ಯಾರ ಯೋಚನೆಯೋ ತಿಳಿಯದು, ಅವರಿಗೆ ನನ್ನ ಅಭಿನಂದನೆ. ನೇಯುತ್ತಿದ್ದವರು ಎದ್ದು ಎರಡು ಕ್ಷಣವೂ ಆಗಿಲ್ಲ ಎಂದು ಅದೊಂದೇ ಹೇಳುತ್ತದೆ.

ಚಾಳೀಸಿನ ನಂತರ ಹುಡುಗಿಯ ಮುಖ ತೋರಿಸುವುದಾದರೆ ಕಣ್ಣರಳಿಸಬಾರದೆಂದು ಅವಳಿಗೆ ಹೇಳಿ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಷೊವ್ ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಬೇರೆಬೇರೆ ಚಿತ್ರಗಳ ಪಕ್ಕಕ್ಕೆ ಜೋಡಿಸಿದಾಗ, ಸೂಪಿನ ಬಟ್ಟಲ ಪಕ್ಕದಲ್ಲಿ ಅದು ಹಸಿದಂತೆ, ಶವಪೆಟ್ಟಿಗೆಯ ಪಕ್ಕದಲ್ಲಿ ದುಃಖಿಸಿದಂತೆ ನೋಡಿದವರಿಗೆ ತೋರಿತು. ಅಜ್ಜನ ಚಾಳೀಸಿನ ಪಕ್ಕದಲ್ಲಿ ಮೊಮ್ಮಗಳ ಸುಮ್ಮನಿರುವ ಮುಖಕ್ಕೆ ಬೇಕಾದ ಭಯವನ್ನು ಪ್ರೇಕ್ಷಕನೇ ತುಂಬಿಕೊಡುತ್ತಾನೆ.

ಬೆಳಕಿನ ಬಗ್ಗೆ ನೀವು ಬರೆದ ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ಪಡಸಾಲೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಶಾಟ್‌ಗಳಲ್ಲಿ ಅಡ್ಡಪಟ್ಟಿಗಳು ತೇಲುತ್ತಿವೆ. ‘ಮಿಣುಕುವ ಬೆಳಕಿನಿಂದ ಅಸ್ಥಿರತೆಯನ್ನು ಸೂಚಿಸಲಾಗಿದೆ’ ಎಂದಿದ್ದೀರಿ. ಅದು ನೀವು ಮಾಡಿದ್ದಲ್ಲ, ಮೊಬೈಲು ಮಾಡಿದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಹಳೆಯ ಚೋಕಿನ ಟ್ಯೂಬ್‌ಲೈಟು ಪ್ರತಿ ಆವರ್ತದಲ್ಲಿ ಎರಡು ಸಲ, ಅಂದರೆ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮೊಬೈಲಿನ ಕ್ಯಾಮೆರಾ ಫ್ರೇಮನ್ನು ಸಾಲುಸಾಲಾಗಿ ಓದುತ್ತದೆ. ಸೆಕೆಂಡಿಗೆ 30 ಫ್ರೇಮ್, ಶಟರ್ ವೇಗ, ಅಂದರೆ ಪ್ರತಿ ಸಾಲು ಬೆಳಕು ಹಿಡಿಯುವ ಅವಧಿ, ಸೆಕೆಂಡಿನ 60ನೇ ಒಂದು ಭಾಗ ಎಂದಿದ್ದರೆ ಒಂದೊಂದು ಸಾಲಿಗೆ ಒಂದೊಂದು ಪ್ರಮಾಣದ ಬೆಳಕು ಸಿಕ್ಕು ಪಟ್ಟಿಗಳು ಮೂಡುತ್ತವೆ. 25 ಫ್ರೇಮ್, 50ನೇ ಒಂದು ಭಾಗ ಎಂದು ಹೊಂದಿಸಿದರೆ ಪ್ರತಿ ಸಾಲಿಗೂ ಬೆಳಕಿನ ಎರಡು ಪೂರ್ತಿ ಏರಿಳಿತ ಸಿಗುವುದರಿಂದ ಪಟ್ಟಿ ಮಾಯವಾಗುತ್ತದೆ. ಇದನ್ನು ಮುಚ್ಚಿಟ್ಟು ಉದ್ದೇಶವೆಂದು ಬರೆಯುವ ಬದಲು, ‘ಇದು ಆಕಸ್ಮಿಕ, ಆದರೂ ಇಲ್ಲಿ ಇಂತಹ ಪರಿಣಾಮ ಉಂಟಾಗಿದೆ’ ಎಂದು ಬರೆಯಿರಿ. ಪರಿಣಾಮವನ್ನು ವಿಶ್ಲೇಷಿಸಲು ಉದ್ದೇಶ ಇರಲೇಬೇಕೆಂದಿಲ್ಲ, ಮತ್ತು ಇಲ್ಲದ ಉದ್ದೇಶವನ್ನು ಹೇಳಿಕೊಳ್ಳುವುದು ಓದುವವರಿಗೆ ಕೂಡಲೇ ತಿಳಿಯುತ್ತದೆ. ಟಾರ್ಚು ಕ್ಯಾಮೆರಾದತ್ತ ತಿರುಗಿದಾಗಲೆಲ್ಲ ಇಡೀ ಕೋಣೆ ಕಪ್ಪಾಗುವುದೂ ಮೊಬೈಲು ಮಾಡಿದ್ದೇ, ಬೆಳಕು ಹೆಚ್ಚಾದೊಡನೆ ಅದು ತಾನಾಗಿ ಚಿತ್ರವನ್ನು ಮಂದ ಮಾಡುತ್ತದೆ. ಎಕ್ಸ್‌ಪೋಷರನ್ನು (ಕ್ಯಾಮೆರಾ ಹಿಡಿಯುವ ಬೆಳಕಿನ ಪ್ರಮಾಣವನ್ನು) ಮೊದಲೇ ಲಾಕ್ ಮಾಡಿಕೊಂಡರೆ ಅದು ತಪ್ಪುತ್ತದೆ.

ಎರಡು ಚಿಕ್ಕ ಮಾತು. ಓಣಿಯಲ್ಲಿ ಹುಡುಗಿ ಎಡದಿಂದ ಬಲಕ್ಕೆ ನಡೆಯುತ್ತಾಳೆ, ಬಾಗಿಲ ಶಾಟಿನಲ್ಲಿ ಬಲದಿಂದ ಎಡಕ್ಕೆ ಬರುತ್ತಾಳೆ, ಮನೆಗೆ ಬಂದವಳು ಮರಳಿ ಹೊರಟಂತೆ ತೋರುತ್ತದೆ. ಕ್ಯಾಮೆರಾ ಓಣಿಯ ಒಂದೇ ಬದಿಯಲ್ಲಿ ಉಳಿಯಬೇಕು. ಎರಡನೆಯದು, ಅವಳಿಗಿರುವ ಒಂದೇ ಮಾತಾದ ‘ಅಜ್ಜಾ, ಬಾಗಿಲು ಏಕೆ ತೆರೆದಿದೆ?’ ಎಂಬುದನ್ನು ದಯವಿಟ್ಟು ‘ಅಜ್ಜಾ, ಬಾಗಲಾ ಯಾಕ ತೆರದೈತಿ?’ ಎಂದು ಮಾಡಿ. ಬೆಟಗೇರಿಯ ಮೊಮ್ಮಗಳು ತನ್ನ ಅಜ್ಜನೊಂದಿಗೆ ಪುಸ್ತಕದ ಕನ್ನಡ ಆಡಿದ ಕೂಡಲೇ ಅದು ನಾಟಕವೆಂದು ಕಿವಿಗೆ ತಿಳಿದು, ಅಲ್ಲಿಯವರೆಗೆ ಮಗ್ಗದ ಸದ್ದು ಗಳಿಸಿದ್ದ ನಂಬಿಕೆ ಕಳೆದುಹೋಗುತ್ತದೆ.

ಪ್ರಶ್ನೆ: ನಮ್ಮ ಗುಂಪಿನ ಚಿತ್ರ ಬ್ಯಾಡಗಿಯ ಮೆಣಸಿನಕಾಯಿ ರಾಶಿಗಳ ನಡುವೆ ಆರಂಭವಾಗುತ್ತದೆ. ಕೆಂಪು ಬಣ್ಣ ಅಪಾಯದ ಸಂಕೇತವಾದ್ದರಿಂದ ಆ ಜಾಗವನ್ನು ಆರಿಸಿಕೊಂಡೆವೆಂದು ಬರೆದಿದ್ದೇವೆ. ಇದು ಸರಿಯಾದ ವಿಶ್ಲೇಷಣೆಯೇ?
ಪದವಿ ವಿದ್ಯಾರ್ಥಿ, ಹಾವೇರಿ ಜಿಲ್ಲೆ

ಉತ್ತರ: ಜಾಗದ ಆಯ್ಕೆ ಚೆನ್ನಾಗಿದೆ, ಕೊಟ್ಟ ಕಾರಣ ಸಾಲದು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೇ ಕಡಿಮೆ ಖಾರ ಮತ್ತು ಗಾಢ ಬಣ್ಣದಿಂದ. ಆ ಪೇಟೆಯಲ್ಲಿ ಕೆಂಪೆಂದರೆ ಬೆಳೆ, ದರ, ವರ್ಷದ ದುಡಿಮೆ. ಅಲ್ಲಿನವರಿಗೆ ಕೆಂಪು ಅಪಾಯವೆಂದರೆ ಅರ್ಥವಾಗದು. ಇನ್ನೊಂದು ಸಂಗತಿಯನ್ನೂ ಗಮನಿಸಿ: ಇಡೀ ಫ್ರೇಮ್ ಕೆಂಪಾಗಿದ್ದಾಗ ಕಣ್ಣು ಕೆಂಪನ್ನು ನೋಡುವುದನ್ನು ಬಿಟ್ಟು ಕೆಂಪಲ್ಲದ್ದನ್ನು ಹುಡುಕತೊಡಗುತ್ತದೆ. ರಾಶಿಯ ಅಂಚಿನಲ್ಲಿ ಒಂದು ಬಿಳಿ ಚಪ್ಪಲಿ, ಅರ್ಧ ಹೂತ ಒಂದು ನೀಲಿ ಸೆರಗಿನ ತುದಿ ಇಟ್ಟರೆ ನೋಟ ನೇರವಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಹಾಗೆ ಮಾಡಿದರೆ ನಿಮ್ಮ ಚಿತ್ರದಲ್ಲಿ ಅಪಾಯದ ಬಣ್ಣ ನೀಲಿಯಾಗುತ್ತದೆ, ವಿಶ್ಲೇಷಣೆಯಲ್ಲಿ ನೀವು ಬರೆಯಬೇಕಾದದ್ದೂ ಅದನ್ನೇ. ರಕ್ತ ಚೆಲ್ಲಿದ್ದನ್ನು ತೋರಿಸುವ ಆಸೆಯಿದ್ದರೆ ಬಿಟ್ಟುಬಿಡಿ, ಮೆಣಸಿನಕಾಯಿಯ ಮೇಲೆ ಅದು ಕಾಣುವುದಿಲ್ಲ. ಕಾಣದಿರುವುದನ್ನೇ ಕಥೆಗೆ ಬಳಸಿಕೊಳ್ಳುವುದಾದರೆ ಮಾತು ಬೇರೆ. ಅಲ್ಲಿನ ಘಾಟಿಗೆ ಬರುವ ಕೆಮ್ಮನ್ನು ಮಾತ್ರ ಮರೆಯಬೇಡಿ. ಅಡಗಿ ಕೂತವನು ಕೆಮ್ಮನ್ನು ತಡೆದುಕೊಳ್ಳಬೇಕಾದ ಇಂತಹ ಜಾಗ ಥ್ರಿಲ್ಲರ್ ಮಾಡುವವರಿಗೆ ಸುಲಭವಾಗಿ ಸಿಗುವಂಥದ್ದಲ್ಲ.

ಪ್ರಶ್ನೆ: ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಯುವಕ, ಅವನ ಹಿಂದೆ ಒಬ್ಬ ಅಪರಿಚಿತ, ಇಬ್ಬರೂ ತುದಿಯಿಂದ ತುದಿಗೆ ನಡೆಯುವುದನ್ನು ಒಂದೇ ಶಾಟಿನಲ್ಲಿ ತೆಗೆದು ಆರಂಭದ ದೃಶ್ಯ ಮಾಡಬೇಕೆಂದಿದ್ದೇವೆ. ನಿಮ್ಮ ಸಲಹೆ ಏನು?
ಮೂವರು ಗೆಳೆಯರು, ಹುಬ್ಬಳ್ಳಿ

ಉತ್ತರ: ಮೊದಲು ಲೆಕ್ಕ ಹಾಕಿ. 2023ರಲ್ಲಿ ಉದ್ಘಾಟನೆಯಾದ ಆ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೂ ಸುಮಾರು 18 ನಿಮಿಷ ಬೇಕು; ಅದು ಆರಂಭದ ದೃಶ್ಯವಾಗದು. ರೈಲ್ವೆ ಆವರಣದಲ್ಲಿ ಚಿತ್ರೀಕರಿಸಲು ಇಲಾಖೆಯ ಪೂರ್ವಾನುಮತಿಯೂ ಬೇಕು, ಮೊಬೈಲಿನಲ್ಲಿ ತೆಗೆಯುತ್ತೇವೆಂಬುದು ಅದಕ್ಕೆ ವಿನಾಯಿತಿಯಲ್ಲ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ದೃಶ್ಯದ ಭಯ ಪ್ಲಾಟ್‌ಫಾರ್ಮಿನ ಉದ್ದದಲ್ಲಿಲ್ಲ, ಇಬ್ಬರು ಮನುಷ್ಯರ ನಡುವಿನ ಅಂತರದಲ್ಲಿದೆ. ಆ ಅಂತರವನ್ನು ಉಣಕಲ್ ಕೆರೆಯ ದಂಡೆಯ ಮೇಲೆ ನೂರು ಮೀಟರಿನಲ್ಲಿಯೂ ತೋರಿಸಬಹುದು.

ದೂರ ನಿಂತು ಜೂಮ್ ಲೆನ್ಸಿನಲ್ಲಿ ಎದುರಿನಿಂದ ತೆಗೆದರೆ ಹಿಂದಿನವನು ಮುಂದಿನವನ ಬೆನ್ನಿಗೇ ಅಂಟಿಕೊಂಡಂತೆ ಕಾಣುತ್ತಾನೆ, ಇಬ್ಬರೂ ಎಷ್ಟು ನಡೆದರೂ ಇದ್ದಲ್ಲಿಯೇ ಇದ್ದಂತೆ ತೋರುತ್ತದೆ. ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ತೆಗೆದರೆ ಅಂತರ ಹಿಗ್ಗಿ, ಅಪರಿಚಿತ ಚುಕ್ಕೆಯಾಗಿ, ಎರಡು ಹೆಜ್ಜೆ ಇಟ್ಟರೂ ದೊಡ್ಡವನಾಗುತ್ತ ಬರುತ್ತಾನೆ. ಮೊದಲನೆಯದು ತಪ್ಪಿಸಿಕೊಳ್ಳಲಾಗದ ಭಾವ, ಎರಡನೆಯದು ಹಿಡಿದುಬಿಡುತ್ತಾನೆಂಬ ಭಾವ. ನಿಮ್ಮ ಕಥೆಗೆ ಯಾವುದು ಬೇಕೋ ಅದನ್ನು ಮೊದಲು ಗೊತ್ತುಮಾಡಿಕೊಂಡು ಲೆನ್ಸನ್ನು ಆರಿಸಿ, ಆರಿಸಿದ ಕಾರಣವನ್ನು ವಿಶ್ಲೇಷಣೆಯಲ್ಲಿ ಹಾಗೆಯೇ ಬರೆಯಿರಿ. ಒಂದೇ ಶಾಟಿನಲ್ಲಿ ತೆಗೆಯುವ ಹಟ ನಿಮಗಿದ್ದರೆ ಅದು ಒಳ್ಳೆಯ ಹಟವೇ, ಆದರೆ ಶಾಟಿನೊಳಗೆ ಅಂತರ ಕನಿಷ್ಠ ಮೂರು ಸಲ ಬದಲಾಗಬೇಕು. ಯುವಕ ಒಮ್ಮೆ ಸುಮ್ಮನೆ ನಿಲ್ಲಲಿ. ಹಿಂದಿನವನೂ ನಿಂತರೆ ಅವನು ಹಿಂಬಾಲಿಸುತ್ತಿದ್ದಾನೆಂಬುದು ತಿಳಿಯುತ್ತದೆ, ನಿಲ್ಲದೆ ಮುಂದಕ್ಕೆ ದಾಟಿ ಹೋದರೆ ಯುವಕನಿಗೂ ಪ್ರೇಕ್ಷಕನಿಗೂ ಒಂದು ಕ್ಷಣ ನಿರಾಳವಾಗುತ್ತದೆ. ದಾಟಿ ಹೋದವನು ಹತ್ತು ಹೆಜ್ಜೆಯಾಚೆ ಕಲ್ಲುಬೆಂಚಿನ ಮೇಲೆ ಇವನತ್ತ ಮುಖ ಮಾಡಿ ಕೂರಲಿ. ನಿಮ್ಮ ಚಿತ್ರದ ಹೆಸರನ್ನು ಅಲ್ಲಿ ಹಾಕಿ.